ತಮ್ಮ ಆಗಮನಾಭಿಲಾಷಿಗಳು

ನಿಮ್ಮ ಮನೆಯಲ್ಲಿಯೂ ಹಳೆಯ ಮದುವೆ ಆಮಂತ್ರಣಗಳ ಒಂದು ಕಟ್ಟು ಇರಬಹುದು. ನಮ್ಮ ಮನೆಯಲ್ಲಿ ಅದು ತಗಡಿನ ಪೆಟ್ಟಿಗೆಯೊಂದರಲ್ಲಿ, ಮೃತರ ಸ್ಮರಣೆಯ ಚಿತ್ರಗಳ ಮತ್ತು ಹರಿದ ಜಪಮಾಲೆಗಳ ನಡುವೆ ಬಹುಕಾಲ ನಿಶ್ಚಿಂತೆಯಿಂದ ಮಲಗಿತ್ತು. ಕಳೆದ ಮಳೆಗಾಲದಲ್ಲಿ ನನ್ನ ತಮ್ಮನ ಮಗಳು ಅದನ್ನು ಎಬ್ಬಿಸಿದಳು. ಅವಳ ಮದುವೆ ನಿಶ್ಚಯವಾಗಿತ್ತು. ಅಂಗಡಿಯ ಕಾರ್ಡು ಬೇಡ, ತನ್ನ ಆಮಂತ್ರಣವನ್ನು ತಾನೇ ರಚಿಸುತ್ತೇನೆ ಎಂದು ಹಟ ಹಿಡಿದಿದ್ದಳು. ಹಿಂದಿನವರು ಹೇಗೆ ಬರೆಯುತ್ತಿದ್ದರೆಂದು ನೋಡುವುದಕ್ಕಾಗಿ ಹಂಗಾರಕಟ್ಟೆಯ ನಮ್ಮ ಮನೆಯ ಚಾವಡಿಯಲ್ಲಿ ಆ ಕಟ್ಟನ್ನು ಬಿಚ್ಚಿ, ಒಂದೊಂದನ್ನಾಗಿ ಹರಡಿ, ಸುಮಾರು ಒಂದು ಗಂಟೆಯ ಹೊತ್ತು ಸುಮ್ಮನೆ ಓದಿದಳು. ಆಮೇಲೆ ಕೇಳಿದಳು: "ದೊಡ್ಡಪ್ಪ, ಇಷ್ಟು ಮದುವೆಗಳಲ್ಲಿ ಅಜ್ಜಿಯ ಹೆಸರು ಒಂದರಲ್ಲೂ ಇಲ್ಲವಲ್ಲ?"

ಆ ಪ್ರಶ್ನೆಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಕೊಡಬೇಕಾದರೆ ಸ್ವಲ್ಪ ಚರಿತ್ರೆ ಹೇಳಬೇಕಾಗುತ್ತಿತ್ತು; ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗುತ್ತಿತ್ತು. ಎರಡನ್ನೂ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಕಡೆಯಲ್ಲಿ ಮದುವೆಗೆ ಕರೆಯುವುದಕ್ಕೆ 'ಹೇಳಿಕೆ' ಎಂಬ ಮಾತಿದೆ. ಕುಂದಾಪುರದ ಕನ್ನಡದಲ್ಲಿ ಅದು 'ಹೇಳ್ಕಿ'. ಈ ಮಾತನ್ನು ಸ್ವಲ್ಪ ಗಮನಿಸಿರಿ. ಅದರಲ್ಲಿ ಕಾಗದವಿಲ್ಲ, ಬಾಯಿ ಮಾತ್ರ ಇದೆ. ಮನೆಯವರು ಹೊರಟು, ಅಂಗಳ ಹತ್ತಿ, ನೀರು ಬೆಲ್ಲ ಸ್ವೀಕರಿಸಿ, ಇಂಥ ದಿನ ಮದುವೆ, ಎಲ್ಲರೂ ಬರಬೇಕು ಎಂದು ಹೇಳಿದರೇ ಹೇಳಿಕೆ. ದಾರಿಯಲ್ಲಿ ಸಿಕ್ಕಾಗ ಹೇಳಿದ್ದು ಲೆಕ್ಕಕ್ಕಿಲ್ಲ. ಮನೆಯ ಯಜಮಾನನಿಗೆ ಹೇಳಿ ಹೆಂಗಸರಿಗೆ ಹೇಳದೆ ಬಂದರೆ ಅರ್ಧ ಹೇಳಿಕೆ. ಆದುದರಿಂದಲೇ ಹೇಳಿಕೆಗೆ ಗಂಡಸರ ಜೊತೆಯಲ್ಲಿ ಹೆಂಗಸರೂ ಹೋಗುತ್ತಿದ್ದರು. ನೆರೆಯ ಹಿಂದೂ ಮನೆಗಳಲ್ಲಿ ವೀಳ್ಯ ಅಥವಾ ಅಕ್ಷತೆಯಿಟ್ಟು ಕರೆಯುತ್ತಿದ್ದರು. ಕೊಂಕಣಿ ಮಾತನಾಡುವ ನಮ್ಮ ಕ್ರೈಸ್ತ ಮನೆಗಳಲ್ಲಿ ವೀಳ್ಯ ಇರಲಿ ಬಿಡಲಿ, ಮನೆಗೆ ಹೋಗದೆ ಕರೆಯಿಲ್ಲ ಎಂಬ ನಿಯಮ ಮಾತ್ರ ಒಂದೇ ಆಗಿತ್ತು. ವಾಳೆಯ ಗುರ್ಕಾರರಿಗೆ ಮೊದಲ ಹೇಳಿಕೆ ಸಲ್ಲಬೇಕಾಗಿತ್ತು.

ಹಂಗಾರಕಟ್ಟೆಯನ್ನು ಬಲ್ಲವರಿಗೆ ಈ ಹೇಳಿಕೆಯ ಶ್ರಮ ಎಷ್ಟೆಂದು ವಿವರಿಸಬೇಕಾಗಿಲ್ಲ. ಸೀತಾ ಮತ್ತು ಸ್ವರ್ಣಾ ನದಿಗಳು ಸಮುದ್ರವನ್ನು ಕೂಡುವ ಬಾಯಿಯಲ್ಲಿ ನಮ್ಮ ಊರಿದೆ. ರಾಜ್ಯದ ಕಿರು ಬಂದರುಗಳ ಪಟ್ಟಿಯಲ್ಲಿ ಅದರ ಹೆಸರು ಸೇರಿದೆ. ಸರಕಿನ ಮಂಜಿಗಳು ಬಂದು ನಿಲ್ಲುತ್ತಿದ್ದ ದಿನಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಎದುರಿನ ಕೋಡಿಬೆಂಗ್ರೆಗೆ ದೋಣಿಯಲ್ಲಿ ಹೊಳೆ ದಾಟಿದರೆ ಸ್ವಲ್ಪ ಹೊತ್ತಿನ ಹಾದಿ. ದೋಣಿ ಬೇಡವೆಂದರೆ ಕಲ್ಯಾಣಪುರ, ಕೆಮ್ಮಣ್ಣು, ಹೂಡೆಗಳನ್ನು ಸುತ್ತಿ ಬರಬೇಕು. ಬಾರಕೂರು, ಸಾಸ್ತಾನ, ಬ್ರಹ್ಮಾವರ, ಕಲ್ಯಾಣಪುರಗಳಲ್ಲಿ ಚದುರಿದ ನಂಟರು, ನಡುವೆ ಕುದ್ರುಗಳು. ಒಂದು ಮದುವೆಯ ಹೇಳಿಕೆ ಮುಗಿಯುವುದಕ್ಕೆ ಎರಡು ವಾರ ಹಿಡಿಯುತ್ತಿತ್ತು. ಇಷ್ಟಾದ ಮೇಲೆ ಮದುವೆಯ ಹಿಂದಿನ ದಿನ ಒಬ್ಬ ಹುಡುಗನನ್ನು ಹತ್ತಿರದ ಮನೆಗಳಿಗೆ ಮತ್ತೊಮ್ಮೆ ಓಡಿಸಿ ನೆನಪು ಮಾಡುವ ಕ್ರಮವೂ ಇತ್ತು. ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಬರುವ ಔತಣದ ಸಾಮತಿಯನ್ನು ನೀವು ಬಲ್ಲಿರಿ. ಅಲ್ಲಿಯೂ ಮೊದಲೇ ಆಹ್ವಾನಿತರಾದವರನ್ನು ಹೊತ್ತಿಗೆ ಸರಿಯಾಗಿ ಕರೆತರಲು ಸೇವಕನು ಮತ್ತೆ ಹೋಗುತ್ತಾನೆ. ಪಾಲೆಸ್ತೀನಿನ ಆ ಪದ್ಧತಿ ನಮ್ಮ ಹೊಳೆದಂಡೆಯವರಿಗೆ ವಿಚಿತ್ರವೆನಿಸಿರಲಾರದು.

'ಕರೆಯೋಲೆ' ಎಂಬ ಸುಂದರವಾದ ಶಬ್ದವೂ ನಮಗಿದೆ. ಓಲೆಯೆಂದರೆ ತಾಳೆಯ ಗರಿ. ಗರಿ ಹೋಗಿ ಕಾಗದ ಬಂದರೂ ಶಬ್ದ ಉಳಿದುಕೊಂಡಿತು. ಕಾಗದವೂ ಹೋಗುವ ಈ ಕಾಲದಲ್ಲಿ ಫೋನಿನ ಗಾಜಿನ ಮೇಲೆ ಮೂಡುವ ಚಿತ್ರದ ನೆತ್ತಿಯಲ್ಲಿಯೂ 'ಮಮತೆಯ ಕರೆಯೋಲೆ' ಎಂದೇ ಬರೆಯುತ್ತಾರೆ. 'ಲಗ್ನಪತ್ರಿಕೆ'ಯ ಕಥೆ ಬೇರೆ. ಲಗ್ನವೆಂದರೆ ಮುಹೂರ್ತ, ಆ ಗಳಿಗೆಯನ್ನು ಬರೆದು ಎರಡೂ ಕಡೆಯವರು ಒಪ್ಪಿದ ಪತ್ರವದು. ಕರೆಯುವುದು ಅದರ ಮೊದಲ ಕೆಲಸವಾಗಿರಲಿಲ್ಲ.

ನಮ್ಮ ಧರ್ಮಸಭೆಯಲ್ಲಿ ಮದುವೆಯನ್ನು ಊರಿಗೆ ತಿಳಿಸುವ ಇನ್ನೊಂದು ಹಾದಿ ಬಹು ಹಿಂದಿನಿಂದಲೂ ಇದೆ. 1215ರ ನಾಲ್ಕನೆಯ ಲಾತೆರಾನ್ ಮಹಾಸಭೆಯು ಮದುವೆಯನ್ನು ಮುಂಚಿತವಾಗಿ ದೇವಾಲಯದಲ್ಲಿ ಪ್ರಕಟಿಸಬೇಕೆಂದು ವಿಧಿಸಿತು. 1563ರಲ್ಲಿ ತ್ರೆಂತ್ ಮಹಾಸಭೆಯು ಅದನ್ನು ಸತತ ಮೂರು ಹಬ್ಬದ ದಿನಗಳಲ್ಲಿ ಪೂಜೆಯ ನಡುವೆ ಓದಿ ಹೇಳಬೇಕೆಂದು ಖಚಿತಗೊಳಿಸಿತು. ಗುಟ್ಟಾಗಿ ನಡೆದು, ಮುಂದೆ ಅಲ್ಲಗಳೆಯಲಾಗುತ್ತಿದ್ದ ಮದುವೆಗಳಿಂದ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಅನ್ಯಾಯವೇ ಈ ನಿಯಮದ ಹಿಂದಿತ್ತು. ಈ ಪ್ರಕಟಣೆಯ ಜೊತೆಗೆ ಧರ್ಮಕೇಂದ್ರದ ದಾಖಲೆ ಪುಸ್ತಕಗಳನ್ನೂ ನೆನೆಯಬೇಕು. 1614ರ ರೋಮನ್ ವಿಧಿಗ್ರಂಥವು ಜ್ಞಾನಸ್ನಾನದ ಪುಸ್ತಕದಲ್ಲಿ ಏನನ್ನು ಬರೆಯಬೇಕೆಂಬುದಕ್ಕೆ ಮಾದರಿ ಕೊಟ್ಟಿತು. ಅದರಲ್ಲಿ ಮಗುವಿನ ತಂದೆಯ ಹೆಸರಿನ ಜೊತೆಯಲ್ಲಿ ತಾಯಿಯ ಹೆಸರಿಗೂ ಸ್ಥಳವಿತ್ತು. ಇಂದಿನ ನಿಯಮವೂ ಅದನ್ನೇ ಹೇಳುತ್ತದೆ. ಇದನ್ನು ದಯವಿಟ್ಟು ನೆನಪಿನಲ್ಲಿಡಿರಿ. ಅಕ್ಷರವನ್ನೇ ಕಾಣದ ತಾಯಂದಿರ ಹೆಸರನ್ನೂ ದೇವಾಲಯದ ಪುಸ್ತಕ ಬರೆದುಕೊಂಡಿತು. ಅವರ ಹೆಸರನ್ನು ಬಿಟ್ಟವರು ಅಚ್ಚಿನ ಕಾರ್ಡು ಮಾಡಿಸಿದ ನಾವು.

ಅಚ್ಚು ನಮ್ಮ ಕರಾವಳಿಗೆ ಬಂದುದು ಬಾಸೆಲ್ ಮಿಶನ್ನಿನಿಂದ. 1834ರಲ್ಲಿ ಮಂಗಳೂರಿಗೆ ಬಂದ ಅವರು 1841ರಲ್ಲಿ ಅಚ್ಚುಕೂಟವನ್ನು ಆರಂಭಿಸಿದರು. ಮೊದಲು ಅಲ್ಲಿದ್ದುದು ಕಲ್ಲಚ್ಚು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು, ಕಲ್ಲನ್ನು ಒದ್ದೆ ಮಾಡಿ ಅಚ್ಚಿನ ಮಸಿ ಸವರಿದರೆ, ನೀರು ಹಿಡಿದ ಭಾಗ ಮಸಿಯನ್ನು ದೂರವಿಡುತ್ತದೆ, ಜಿಡ್ಡಿನ ಅಕ್ಷರ ಹಿಡಿದುಕೊಳ್ಳುತ್ತದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ಹೊರತಂದ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಹೀಗೆಯೇ ಕಲ್ಲಿನಿಂದ ಎದ್ದು ಬಂದುದು. ಇದರ ಸ್ವಾರಸ್ಯವನ್ನು ನೋಡಿರಿ: ಕಲ್ಲಚ್ಚಿನಲ್ಲಿ ಮುದ್ರಣವಾಗುವುದು ಒಬ್ಬ ಬರಹಗಾರನ ಕೈಬರಹ. ಅವನ ಕೊಂಬು, ಅವನ ತಲೆಕಟ್ಟು, ಅವನ ಬಾಗು ಹಾಗೆಯೇ ನೂರು ಪ್ರತಿಗಳಲ್ಲಿ ಬರುತ್ತದೆ. 1850ರ ದಶಕದ ಆರಂಭದಲ್ಲಿ ಅಲ್ಲಿಗೆ ಲೋಹದ ಅಚ್ಚುಮೊಳೆಗಳು ಬಂದವು. ಅಕ್ಷರ ಚೊಕ್ಕವಾಯಿತು, ಸಾಲು ನೆಟ್ಟಗಾಯಿತು, ಕೈ ಮರೆಯಾಯಿತು.

ಮುಂದೆ ಮಂಗಳೂರಿನಲ್ಲಿ ಯೇಸುಸಭೆಯವರ ಕೊಡಿಯಾಲಬೈಲ್ ಪ್ರೆಸ್ಸು ಬಂತು. 1912ರಲ್ಲಿ 'ಕೊಂಕಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ಹುಟ್ಟಿ, ನಮ್ಮ ಮನೆಮಾತು ಕನ್ನಡ ಲಿಪಿಯಲ್ಲಿ ಅಚ್ಚಾಗುವುದು ವಾಡಿಕೆಯಾಯಿತು. ಅನಂತರದ ದಶಕಗಳಲ್ಲಿ ಉಡುಪಿ, ಕುಂದಾಪುರಗಳಂಥ ಪೇಟೆಗಳಲ್ಲಿ ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಯಂತ್ರದ ಸಣ್ಣ ಪ್ರೆಸ್ಸುಗಳು ಕಾಣಿಸಿಕೊಂಡವು. ಯಕ್ಷಗಾನದ ಕರಪತ್ರ, ರಶೀದಿ ಪುಸ್ತಕ, ಶಾಲೆಯ ಪ್ರಶ್ನಪತ್ರಿಕೆ, ಮದುವೆಯ ಕಾರ್ಡು, ಎಲ್ಲವೂ ಅದೇ ಯಂತ್ರದ ಬಾಯಿಯಿಂದ. ಮೊಳೆ ಜೋಡಿಸುವವರು ಗೋಡೆಗೆ ಒರಗಿದ ನೂರಾರು ಖಾನೆಗಳ ಮುಂದೆ ನಿಂತು, ಒತ್ತಕ್ಷರವನ್ನು ಬೇರೆಯಾಗಿ ಹೆಕ್ಕಿ, ತಲೆಕೆಳಗಾದ ಸಾಲನ್ನು ಕನ್ನಡಿಯಲ್ಲಿ ಓದಿದಂತೆ ಓದುತ್ತಿದ್ದರು. ಅವರ ಕೈಚಳಕವನ್ನು ನೋಡಲೆಂದೇ ಬಾಲ್ಯದಲ್ಲಿ ನಾನು ಪ್ರೆಸ್ಸಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಮದುವೆಯ ದಿನಗಳಲ್ಲಿ ಅವರಿಗೆ ಬಿಡುವಿರುತ್ತಿರಲಿಲ್ಲ. ಆದುದರಿಂದ ಒಂದು ಉಪಾಯ ಹುಟ್ಟಿತು. ಹಿಂದಿನ ಮದುವೆಗೆ ಜೋಡಿಸಿದ ಸಾಲುಗಳನ್ನು ಬಿಚ್ಚದೆ ದಾರ ಕಟ್ಟಿ ಇಡುವುದು. ಮುಂದಿನವರು ಬಂದಾಗ ಹೆಸರು, ತಾರೀಕು, ದೇವಾಲಯ ಬದಲಿಸುವುದು. ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕೆಂಬ ಆ ಸಾಲು ಊರೂರಿಗೆ ಒಂದೇ ಆದುದಕ್ಕೆ ನಮ್ಮ ಭಕ್ತಿಗಿಂತ ಈ ದಾರದ ಕಟ್ಟೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ. ಇಂಗ್ಲಿಷಿನ ಕಾರ್ಡಿಗೂ ಅಂಥದೇ ಅಚ್ಚು ಇತ್ತು. ಅದರ ಮೊದಲ ಸಾಲು 'ಮಿಸ್ಟರ್ ಆ್ಯಂಡ್ ಮಿಸೆಸ್' ಎಂದು ಆರಂಭವಾಗಿ ಗಂಡನ ಹೆಸರಿನೊಂದಿಗೆ ಮುಗಿಯುತ್ತಿತ್ತು. ಹೆಂಡತಿ ಆ 'ಮಿಸೆಸ್' ಎಂಬ ಎರಡಕ್ಷರದೊಳಗೆ ಎಲ್ಲೋ ಇದ್ದಾಳೆಂದು ಭಾವಿಸಿಕೊಳ್ಳಬೇಕು. ಇಂಗ್ಲೆಂಡಿನ ಮೇಲ್ವರ್ಗದ ಶಿಷ್ಟಾಚಾರ ಅದು. ಮುಂಬಯಿಯ ನೌಕರಿಯವರ ಪೆಟ್ಟಿಗೆಯಲ್ಲಿ ಕುಳಿತು ನಮ್ಮ ಹೊಳೆದಂಡೆಗೆ ಬಂತು. ಇಂಗ್ಲಿಷ್ ಕಾರ್ಡು ಮಾಡಿಸುವುದು ಗೌರವದ ಲಕ್ಷಣವಾಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

1983ರಲ್ಲಿ ನನ್ನ ತಂಗಿಯ ಮದುವೆ. ತಂದೆಯವರು ತೀರಿಕೊಂಡು ಆರು ವರ್ಷವಾಗಿತ್ತು. ಹಿರಿಯ ಮಗನಾದ ನಾನು ಕಾರ್ಡಿನ ಹೊಣೆ ಹೊತ್ತೆ. ಪ್ರೆಸ್ಸಿನವರು ಮಾದರಿ ಪುಸ್ತಕ ತೋರಿಸಿದರು. ಎರಡು ಉಂಗುರಗಳ ಬ್ಲಾಕು, ಬೆಳ್ಳಿಯ ಮಸಿ, ಇಂಗ್ಲಿಷ್ ಅಕ್ಷರ ಆರಿಸಿದೆ. ತಂದೆಯಿಲ್ಲದ ಮನೆಯಲ್ಲಿ ಕರೆಯುವವರ ಸ್ಥಾನದಲ್ಲಿ ಯಾರ ಹೆಸರೆಂದು ಅವರು ಕೇಳಿದಾಗ ಎರಡು ಕ್ಷಣವೂ ಯೋಚಿಸದೆ ನನ್ನ ಹೆಸರನ್ನು ಹೇಳಿದೆ. ಕೆಳಗೆ ವಧುವನ್ನು ದಿವಂಗತರಾದ ಇಂಥವರ ಮಗಳೆಂದು ಬರೆಸಿದೆ. ಮೃತರಾದ ತಂದೆಯವರಿಗೆ ಸ್ಥಳ ಸಿಕ್ಕಿತು. ಹೆತ್ತು, ಗದ್ದೆ ನೋಡಿಕೊಂಡು, ಮೀನು ಒಣಗಿಸಿ ಮಾರಿ, ತಂಗಿಯ ಚಿನ್ನಕ್ಕೆ ಹಣ ಕೂಡಿಸಿದ ಅಮ್ಮನಿಗೆ ಸಿಗಲಿಲ್ಲ. ವಿಧವೆಯ ಹೆಸರು ಶುಭಪತ್ರದಲ್ಲಿ ಬರಬಾರದೆಂಬ ಭಾವನೆ ನಮ್ಮವರಲ್ಲಿಯೂ ಒಳಗೊಳಗೆ ಇತ್ತು. ಅದು ಯಾವ ಶುಭಸಂದೇಶದಿಂದ ಬಂದುದೆಂದು ಕೇಳಿದವರಿಲ್ಲ, ನಾನೂ ಕೇಳಲಿಲ್ಲ.

ಕಾರ್ಡುಗಳ ಕಟ್ಟು ಮನೆಗೆ ಬಂದಾಗ ಅಮ್ಮ ಕೈ ತೊಳೆದುಕೊಂಡು ಬಂದು ಒಂದನ್ನು ಎತ್ತಿಕೊಂಡರು. ಅವರಿಗೆ ಇಂಗ್ಲಿಷ್ ಬಾರದು. ಕನ್ನಡವನ್ನು ಕೂಡಿಸಿ ಓದುತ್ತಿದ್ದರು. ಬೆಳ್ಳಿಯ ಅಕ್ಷರಗಳ ಮೇಲೆ ಬೆರಳಾಡಿಸಿ, "ಇದರಲ್ಲಿ ನನ್ನ ಹೆಸರು ಯಾವುದು?" ಎಂದು ಕೇಳಿದರು. ನಾನು ಏನೋ ಹೇಳಿದೆ. ಅವರು ತಲೆಯಾಡಿಸಿ ಕಾರ್ಡನ್ನು ಸ್ವಸ್ಥಾನದಲ್ಲಿಟ್ಟರು. ಮರುದಿನದಿಂದ ಅದೇ ಕಾರ್ಡುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ದೋಣಿ ಹತ್ತಿ ಬೆಂಗ್ರೆಗೂ, ನಡೆದು ಬಾಳೆಕುದ್ರುವಿಗೂ, ಬಸ್ಸು ಹಿಡಿದು ಬಾರಕೂರಿಗೂ ಹೋಗಿ ಹೇಳಿಕೆ ಮಾಡಿ ಬಂದವರು ಅವರೇ. ಕಾರ್ಡು ನೋಡಿ ಯಾರೂ ಮದುವೆಗೆ ಬರಲಿಲ್ಲ. ಅಮ್ಮ ಹೇಳಿದರೆಂದು ಬಂದರು. ಅವರು ಬದುಕಿರುವಷ್ಟು ಕಾಲ ಆ ಕಾರ್ಡಿನ ಮಾತು ನಮ್ಮ ನಡುವೆ ಮತ್ತೆ ಬರಲಿಲ್ಲ.

ಆ ಕಾಲದ ಕಾರ್ಡುಗಳ ಬಗ್ಗೆ ಇನ್ನೆರಡು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಮುಂಬಯಿಗೂ ಗಲ್ಫಿಗೂ ಹೋದ ನಂಟರಿಗೆ ಅಂಚೆಯೇ ಗತಿ. ಲಕೋಟೆಯನ್ನು ಅಂಟಿಸದೆ ಬಾಯಿ ಮಡಚಿ 'ಬುಕ್ ಪೋಸ್ಟ್' ಎಂದು ಬರೆದರೆ ಊರೊಳಗಿನ ಅಂಚೆಗೆ ಕಡಿಮೆ ದರ ಸಾಕಾಗುತ್ತಿತ್ತು. ಉತ್ತರವಾಗಿ ತಂತಿ ಬರುತ್ತಿತ್ತು. ಶುಭಾಶಯದ ವಾಕ್ಯಗಳಿಗೆ ಇಲಾಖೆಯೇ ಸಂಖ್ಯೆ ಕೊಟ್ಟಿದ್ದುದರಿಂದ ಕಳುಹಿಸುವವರು ಸಂಖ್ಯೆ ಹೇಳಿದರೆ ಆಯಿತು, ತಲುಪುವಾಗ ಅದು ವಾಕ್ಯವಾಗಿರುತ್ತಿತ್ತು. ಕರೆಯೂ ಸಿದ್ಧ ಅಚ್ಚು, ಹರಕೆಯೂ ಸಿದ್ಧ ಅಚ್ಚು! 2013ರ ಜುಲೈಯಲ್ಲಿ ತಂತಿ ಸೇವೆ ನಿಂತುಹೋಯಿತು. 2011ರಲ್ಲಿ ಅಂಚೆ ಇಲಾಖೆ 'ಮೈ ಸ್ಟ್ಯಾಂಪ್' ಯೋಜನೆಯಡಿ ನಮ್ಮದೇ ಭಾವಚಿತ್ರವಿರುವ ಅಂಚೆಚೀಟಿಯನ್ನು ಮಾಡಿಸಿಕೊಳ್ಳುವ ಅವಕಾಶ ಕೊಟ್ಟಿತು. ಕೆಲವರು ಮದುವೆಯ ಲಕೋಟೆಗೆ ಅದನ್ನು ಅಂಟಿಸಿದರು.

ಟ್ರೆಡಲ್ ಯಂತ್ರಗಳು ಮೂಲೆ ಸೇರುವ ಹೊತ್ತಿಗೆ ಶಿವಕಾಶಿಯಿಂದ ಬಣ್ಣದ ಕಾರ್ಡುಗಳು ಬಂದವು. ಹೊರಗಿನ ಚಿತ್ರ ಅಲ್ಲಿಯೇ ಅಚ್ಚಾಗಿರುತ್ತಿತ್ತು. ಒಳಗಿನ ಖಾಲಿ ಹಾಳೆಯನ್ನು ನಮ್ಮ ಊರಿನವರು ಸ್ಕ್ರೀನ್ ಪ್ರಿಂಟಿಂಗಿನಲ್ಲಿ ತುಂಬುತ್ತಿದ್ದರು. ಅನಂತರ ಕಂಪ್ಯೂಟರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ', ಅದರ ಬೆನ್ನಿಗೇ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು, ಮನೆಯಲ್ಲಿ ಕುಳಿತು ಕನ್ನಡ ಬೆರಳಚ್ಚು ಮಾಡುವುದು ಸಾಮಾನ್ಯರಿಗೂ ಸಾಧ್ಯವಾಯಿತು. ಕನ್ನಡದ ಕೀಲಿಮಣೆಗೆ ಸುಲಭವಾದ ವಿನ್ಯಾಸ ಕೊಟ್ಟ ಕೆ. ಪಿ. ರಾವ್ ಅವರು ನಮ್ಮ ಕರಾವಳಿಯ ಕಿನ್ನಿಕಂಬಳದವರೆಂಬುದನ್ನು ನಾವು ಅಭಿಮಾನದಿಂದ ನೆನೆಯಬಹುದು. ಆರಂಭದಲ್ಲಿ ಒಂದು ತಂತ್ರಾಂಶದಲ್ಲಿ ಬರೆದುದು ಇನ್ನೊಂದರಲ್ಲಿ ತೆರೆದಾಗ ಅರ್ಥವಿಲ್ಲದ ಗೀಚಾಗುತ್ತಿತ್ತು. ಯುನಿಕೋಡ್ ಬಂದ ಮೇಲೆ ಆ ಕಷ್ಟ ಬಹಳಷ್ಟು ನೀಗಿತು. ಇಂದು ನೋಟೊ, ಬಾಲೂ ತಮ್ಮ, ತಿರೋ ಮುಂತಾದ ಕನ್ನಡ ಅಕ್ಷರಶೈಲಿಗಳು ಯಾರಿಗೂ ಉಚಿತವಾಗಿ ಸಿಗುತ್ತವೆ. ಕಲ್ಲಿನ ಮೇಲೆ ಬರೆದವನ ಸ್ವಾತಂತ್ರ್ಯ, ಸುಮಾರು ನೂರ ಎಪ್ಪತ್ತು ವರ್ಷಗಳ ಬಳಿಕ, ಹೀಗೆ ತಿರುಗಿ ಮನೆಗೆ ಬಂದಿದೆ.

ಬಂದ ಸ್ವಾತಂತ್ರ್ಯವನ್ನು ನಾವು ಬಳಸುತ್ತಿದ್ದೇವೆಯೇ? ಕೈಯಲ್ಲಿ ಎಲ್ಲ ಸಾಧನಗಳಿದ್ದರೂ ಹೆಚ್ಚಿನವರು ಬಳಸುವುದು ಮತ್ತೆ ಸಿದ್ಧ ಮಾದರಿಯನ್ನೇ. ಹೂವಿನ ಬಳ್ಳಿ ಬದಲಾಗುತ್ತದೆ, 'ಮಿಸ್ಟರ್ ಆ್ಯಂಡ್ ಮಿಸೆಸ್' ಹಾಗೆಯೇ ಇರುತ್ತದೆ. 2020ರಲ್ಲಿ ಕೊರೊನಾ ಕಾಲದ ನಿಯಮದಂತೆ ಮದುವೆಗೆ ಐವತ್ತೇ ಜನರೆಂದಾಗ, ಫೋನಿನಲ್ಲಿ ಕಾರ್ಡು ಕಳುಹಿಸಿ 'ಇದನ್ನೇ ಖುದ್ದು ಕರೆಯೆಂದು ತಿಳಿಯಿರಿ' ಎಂದು ಬರೆಯಲು ಕಲಿತೆವು. ಆಗ ಅದು ಅನಿವಾರ್ಯವಾಗಿತ್ತು. ರೋಗ ಹೋದರೂ ಆ ಸಾಲು ಹೋಗಲಿಲ್ಲ. ನೆರೆಮನೆಗೂ ಅದನ್ನೇ ಕಳುಹಿಸುವವರನ್ನು ನಾನು ಕಂಡಿದ್ದೇನೆ. ನಡುವೆ ಇರುವುದು ಒಂದು ಬೇಲಿ!

ನಿಮ್ಮ ಮನೆಯಲ್ಲಿ ಯಾರಾದರೂ ತಮ್ಮ ಆಮಂತ್ರಣವನ್ನು ತಾವೇ ರಚಿಸಲು ಹೊರಟರೆ ತಡೆಯಬೇಡಿರಿ. ಬಣ್ಣ, ಚಿತ್ರಗಳ ವಿಷಯದಲ್ಲಿ ನನ್ನಂಥ ಮುದುಕನ ಸಲಹೆಯ ಅಗತ್ಯ ಅವರಿಗಿಲ್ಲ. ಆದರೆ ಕಾರ್ಡು ಯಾರ ಕೈ ಸೇರುತ್ತದೆಂದು ಮೊದಲು ಪಟ್ಟಿ ಮಾಡಲಿ. ಮನೆಮಾತು ಕೊಂಕಣಿ, ನೆರೆಯವರ ಮಾತು ಕುಂದಗನ್ನಡ, ಕಾರ್ಡು ಮಾತ್ರ ಇಂಗ್ಲಿಷ್ ಎಂಬಂತಾದರೆ ದೋಣಿಯ ನೆರೆಯವನು ಅದನ್ನು ಮಗನಿಂದ ಓದಿಸಿಕೊಳ್ಳಬೇಕಾಗುತ್ತದೆ. ಹೆಸರು, ತಾರೀಕು, ವಾರಗಳನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ನೋಡಲಿ. ವಿವಾಹ ನೋಂದಣಿಯ ಕಚೇರಿಯಲ್ಲಿ ಆಮಂತ್ರಣ ಪತ್ರಿಕೆಯನ್ನೂ ಕೇಳುವುದುಂಟು. ಕಾರ್ಡಿನ ಹೆಸರು ಜ್ಞಾನಸ್ನಾನದ ಪತ್ರದ ಹೆಸರಿನಂತೆಯೇ ಇರಲಿ. ಮುದ್ರಣಕ್ಕೆ ಕೊಡುವ ಮೊದಲು ಒತ್ತಕ್ಷರಗಳು ಒಡೆದಿವೆಯೇ ಎಂದು ಪ್ರೆಸ್ಸಿನ ಕಂಪ್ಯೂಟರಿನಲ್ಲಿಯೇ ನೋಡಬೇಕು. ಮನೆಯ ಪರದೆಯ ಮೇಲೆ ಸರಿಯಿದ್ದುದು ಅಲ್ಲಿ ಸರಿಯಿರುತ್ತದೆಂಬ ಭರವಸೆಯಿಲ್ಲ.

ಮಾತುಗಳನ್ನೂ ಸ್ವಂತವಾಗಿ ಬರೆಯಬಹುದು. 1966ರಲ್ಲಿ ಕುವೆಂಪು ಅವರು ಮಗ ಪೂರ್ಣಚಂದ್ರ ತೇಜಸ್ವಿಯವರ ಸರಳ ವಿವಾಹವನ್ನು ನಡೆಸಿದರು. 'ಮಂತ್ರ ಮಾಂಗಲ್ಯ'ದ ಹೆಸರಿನಲ್ಲಿ ಅವರು ರೂಪಿಸಿದ ಆ ಪದ್ಧತಿಯನ್ನು ಇಂದಿಗೂ ಅನುಸರಿಸುವವರಿದ್ದಾರೆ. ನಮ್ಮ ವಿವಾಹ ಸಂಸ್ಕಾರದ ವಿಧಿ ಧರ್ಮಸಭೆಯದು, ಅದನ್ನು ನಾವು ಬರೆಯುವುದಿಲ್ಲ. ಕರೆಯುವ ಮಾತು ನಮ್ಮದೇ.

ತಮ್ಮನ ಮಗಳಿಗೆ ಅಂದು ಕೊಡದ ಉತ್ತರವನ್ನು ಒಂದು ವಾರದ ಬಳಿಕ ಕೊಟ್ಟೆ. 1983ರ ಕಾರ್ಡನ್ನು ಅವಳ ಕೈಯಲ್ಲಿಟ್ಟು ನಡೆದುದನ್ನೆಲ್ಲ ಹೇಳಿದೆ. ಅವಳು ನನ್ನನ್ನು ಏನೂ ಅನ್ನಲಿಲ್ಲ. ಅಜ್ಜಿಯ ಪೂರ್ಣ ಹೆಸರೇನೆಂದು ಮಾತ್ರ ಕೇಳಿದಳು. ಮನೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮುದ್ದಿನ ಹೆಸರಿನಿಂದ. ಪೂರ್ಣ ಹೆಸರಿನ ಕಾಗುಣಿತದ ಬಗ್ಗೆ ನಾನೂ ತಮ್ಮನೂ ವಾದಿಸಿದೆವು. ಕೊನೆಗೆ ಅಮ್ಮನ ತವರಿನ ಧರ್ಮಕೇಂದ್ರಕ್ಕೆ ಹೋಗಿ ಜ್ಞಾನಸ್ನಾನದ ಪುಸ್ತಕವನ್ನು ತೆಗೆಸಿದೆವು. ಧರ್ಮಗುರುಗಳು ಹಳದಿಯಾದ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು. ಅಮ್ಮನ ಹೆಸರು ಅಲ್ಲಿತ್ತು, ಅದರ ಮುಂದೆ ಅಮ್ಮನ ತಾಯಿಯ ಹೆಸರೂ ಇತ್ತು. ಆ ಅಜ್ಜಿಯ ಪೂರ್ಣ ಹೆಸರನ್ನು ನಾನು ಓದಿದ್ದು ಅದೇ ಮೊದಲು.

ಅವಳ ಕಾರ್ಡು ಮೂರು ಭಾಷೆಗಳಲ್ಲಿ ಒಂದೇ ಹಾಳೆ. ಚಿತ್ರವಾಗಿ ಹೊಳೆಯ ಬಾಯಿ, ಒಂದು ದೋಣಿ, ಅಷ್ಟೇ. ತಂದೆಯ ಹೆಸರೂ ತಾಯಿಯ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿ ಬೇರೆ ಬೇರೆಯಾಗಿವೆ. ಮೊಮ್ಮಗಳೆಂದು ಹೇಳುವ ಸಾಲಿನಲ್ಲಿ ಅಮ್ಮನ ಹೆಸರು ಪುಸ್ತಕದಲ್ಲಿದ್ದ ಕಾಗುಣಿತದಲ್ಲಿಯೇ ಇದೆ. 'ತಮ್ಮ ಆಗಮನಾಭಿಲಾಷಿಗಳು' ಎಂಬ ಹಳೆಯ ಮಾತನ್ನು ಮಾತ್ರ ನನ್ನ ಕೋರಿಕೆಯಂತೆ ಉಳಿಸಿಕೊಂಡಳು. ಮುನ್ನೂರು ಪ್ರತಿ ಅಚ್ಚಾಗಿ ಬಂದಿವೆ. ಬರುವ ಶನಿವಾರ ಬೆಂಗ್ರೆಗೆ ಹೇಳಿಕೆಗೆ ಹೋಗುವುದೆಂದು ತೀರ್ಮಾನವಾಗಿದೆ. ಗಾಳಿ ಹೆಚ್ಚಾಗುವ ಮೊದಲೇ ಹೊಳೆ ದಾಟಬೇಕು.